ಇರುಳಿನ ಪಾಠ ಹಗಲಿನಲ್ಲಿ

ನಮ್ಮ ಪಂಚಾಯಿತಿ ಗ್ರಂಥಾಲಯದ ಮಕ್ಕಳ ಕಪಾಟಿನಲ್ಲಿ ರಾತ್ರಿ ಪ್ರಾಣಿಗಳ ಪುಸ್ತಕಗಳಿಗೇನೂ ಕೊರತೆ ಇಲ್ಲ. ಆದರೆ ಅವುಗಳಲ್ಲಿರುವ ರಾತ್ರಿ ಬೇರೆ ಯಾವುದೋ ದೇಶದ್ದು. ಪೈನ್ ಮರದ ಮೇಲೆ ಕನ್ನಡಕ ಹಾಕಿದ ಗೂಬೆ, ಕಸದ ಡಬ್ಬಿ ಉರುಳಿಸುವ ರಕೂನ್, ಹಿಮದ ಮೇಲೆ ನಡೆಯುವ ನರಿ. ಚಿತ್ರಗಳು ಸೊಗಸಾಗಿವೆ. ಮಕ್ಕಳು ನೋಡುತ್ತಾರೆ, ಮುಚ್ಚಿಡುತ್ತಾರೆ, ಇನ್ನೊಂದಕ್ಕೆ ಕೈ ಹಾಕುತ್ತಾರೆ. ವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತನಾದ ಮೇಲೆ ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋಗಿ ಮಕ್ಕಳ ಜೊತೆ ಓದಲು ಕೂರುತ್ತೇನೆ. 2020ರಲ್ಲಿ ‘ಓದುವ ಬೆಳಕು’ ಶುರುವಾಗಿ ಮಕ್ಕಳ ಸದಸ್ಯತ್ವ ಉಚಿತವಾದ ಮೇಲಂತೂ ಚಾಪೆ ಸಾಲುವುದಿಲ್ಲ. ಮೂರರಿಂದ ಐದನೇ ಕ್ಲಾಸಿನವರೇ ಹೆಚ್ಚು. ಈ ವಯಸ್ಸಿನವರಿಗೆ ರಾತ್ರಿ ಪ್ರಾಣಿಗಳ ವಿಷಯ ಹೇಳಬೇಕೆಂದರೆ ಪುಸ್ತಕ ತೆರೆಯುವ ಮೊದಲು ಅವರ ಮನೆಯ ಸುದ್ದಿ ಕೇಳಬೇಕು ಅನ್ನುವುದು ನಾನು ಕಂಡುಕೊಂಡ ಮೊದಲ ಮಾತು.

ನಮ್ಮದು ತುಮಕೂರು ಕಡೆಯ ಹಳ್ಳಿ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಎಷ್ಟೋ ಸಲ ಕೊಡುವುದೇ ರಾತ್ರಿ ಹೊತ್ತು. ಅಪ್ಪಂದಿರು ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ತೋಟಕ್ಕೆ ಹೋಗುತ್ತಾರೆ. “ಮೋಟ್ರು ಹಾಕೋಕೆ ಹೋದಾಗ ಅಪ್ಪ ಏನೇನು ನೋಡಿದ್ದಾರಂತೆ?” ಎಂದು ಒಂದು ಮಾತು ಕೇಳಿದರೆ ಆಯಿತು, ಆಮೇಲೆ ನಾವು ಬಾಯಿ ಬಿಡುವ ಹಾಗಿಲ್ಲ. ಮುಳ್ಳುಹಂದಿ ತೆಂಗಿನ ಸಸಿಯ ಬುಡ ಕೊರೆದದ್ದು, ಕಾಡುಹಂದಿ ಬದು ಕೆಡವಿದ್ದು, ಬೈಕಿನ ಬೆಳಕಿಗೆ ದಾರಿ ನಡುವೆ ಕೆಂಪು ಕಣ್ಣೊಂದು ಹೊಳೆದು ಚಕ್ರದಡಿ ಸಿಕ್ಕಿತು ಅನ್ನುವಷ್ಟರಲ್ಲಿ ಸದ್ದಿಲ್ಲದೆ ಹಾರಿಹೋದದ್ದು. ಈ ಕೊನೆಯದಕ್ಕೆ ಅವರ ಹತ್ತಿರ ಹೆಸರಿರಲಿಲ್ಲ. ಆಗ ಹಕ್ಕಿಗಳ ಪುಸ್ತಕ ತೆಗೆದು ನತ್ತಿಂಗನ ಚಿತ್ರ ತೋರಿಸಿದೆ. ಒಣ ತರಗೆಲೆಯ ಬಣ್ಣದ ಆ ಹಕ್ಕಿಯ ಕೆಳಗಿದ್ದ ನಾಲ್ಕು ಸಾಲನ್ನು, ಅಕ್ಷರ ಕೂಡಿಸಿ ಓದುವ ಹುಡುಗನೂ ಪೂರ್ತಿ ಓದಿ ಮುಗಿಸಿದ. ಅಪ್ಪ ಕಂಡ ಹಕ್ಕಿ ಅಲ್ಲವೇ, ಬಿಟ್ಟಾನೆಯೇ.

ರಾತ್ರಿ ಮಕ್ಕಳನ್ನು ಕರೆದುಕೊಂಡು ಹೊರಡುವುದು ನಮ್ಮಲ್ಲಿ ಆಗದ ಮಾತು. 2019–20ರಲ್ಲಿ ತುಮಕೂರು, ಗುಬ್ಬಿ ತಾಲ್ಲೂಕುಗಳಲ್ಲಿ ಚಿರತೆ ದಾಳಿಗೆ ಮಕ್ಕಳೂ ಬಲಿಯಾದರು. ಆ ಭಯ ಇನ್ನೂ ಹಸಿ ಇದೆ, ಇರಬೇಕಾದದ್ದೇ. ಆದರೆ ರಾತ್ರಿ ಓಡಾಡುವ ಪ್ರಾಣಿಗಳು ಬೆಳಗ್ಗೆ ತಮ್ಮ ಗುರುತು ಬಿಟ್ಟೇ ಹೋಗಿರುತ್ತವೆ. ಅದನ್ನು ಓದಲು ಟಾರ್ಚೂ ಬೇಡ, ಕಾಡೂ ಬೇಡ.

ಊರಾಚೆ ಮುಚ್ಚಿಹೋದ ಅಕ್ಕಿ ಗಿರಣಿಯೊಂದಿದೆ. ಅಲ್ಲಿ ದೆವ್ವ ಬುಸುಗುಡುತ್ತದೆ ಎಂದು ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಹೇಳುತ್ತಿದ್ದರು. ಬುಸುಗುಡುವುದು ನಿಜ. ಕಣಜದ ಗೂಬೆಯ ಮರಿಗಳು ಹಸಿವಾದಾಗ ಮಾಡುವ ಸದ್ದು ಅದು, ಗೊರಕೆಗೂ ಹಾವಿನ ಬುಸುಗುಟ್ಟುವಿಕೆಗೂ ನಡುವಿನದು. ಗಿರಣಿಯ ಗೋಡೆ ಮೇಲೆ ಬಿಳಿ ಹಿಕ್ಕೆಯ ಗೆರೆಗಳು, ಕೆಳಗೆ ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳು. ಗೂಡಿನ ಹತ್ತಿರ ಮಕ್ಕಳನ್ನು ಕರೆದೊಯ್ಯುವುದಿಲ್ಲ. ನಾನೇ ಹೋಗಿ ನೆಲಕ್ಕೆ ಬಿದ್ದವನ್ನು ಆರಿಸಿ ತರುತ್ತೇನೆ. ಗುಜರಿಯಿಂದ ತಂದ ಹಳೇ ಕುಕ್ಕರಿನಲ್ಲಿ ಅವನ್ನು ಹಬೆಗೆ ಇಟ್ಟು ರೋಗಾಣು ಸಾಯಿಸುವ ಕೆಲಸ ನನ್ನ ಮನೆ ಹಿತ್ತಲಲ್ಲಿ, ಮನೆಯವರ ಕಣ್ಣು ತಪ್ಪಿಸಿ.

ಮಕ್ಕಳು ಮೊದಲು ಅದನ್ನು ಹಿಕ್ಕೆ ಅಂದುಕೊಂಡು ಮೂಗು ಮುಚ್ಚುತ್ತಾರೆ. ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ, ಮಾಂಸ ಕರಗುತ್ತದೆ, ಕೂದಲು ಮೂಳೆ ಕರಗುವುದಿಲ್ಲ, ಹೊಟ್ಟೆಯೊಳಗೆ ಅವೆಲ್ಲ ಉಂಡೆಕಟ್ಟಿ ಬಾಯಿಂದಲೇ ಆಚೆ ಬರುತ್ತವೆ ಎಂದರೆ ಮೂಗಿನ ಮೇಲಿನ ಕೈ ಇಳಿಯುತ್ತದೆ. ಕೈಗೆ ಗ್ಲೌಸು, ಮುಂದೆ ಹಳೇ ಪೇಪರು, ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು. ನೆನೆದ ಉಂಡೆಯಿಂದ ಬೂದು ಕೂದಲನ್ನು ಜಾಲಿಮುಳ್ಳಲ್ಲಿ ಎಳೆ ಎಳೆಯಾಗಿ ಬಿಡಿಸುತ್ತ ಹೋದ ಹಾಗೆ ಒಳಗಿಂದ ಮೂಳೆ ಬರುತ್ತವೆ. ಪಕ್ಕೆಲುಬು, ಬೆನ್ನುಮೂಳೆಯ ಮಣಿ, ಕಾಲಿನದು, ಆಮೇಲೆ ಇಡೀ ಕೊಠಡಿಯೇ ಬಗ್ಗಿ ನೋಡುವಂತೆ ಒಂದು ತಲೆಬುರುಡೆ. ಇಲಿಯದ್ದಾದರೆ ಮುಂದಿನ ಹಲ್ಲು ಕಿತ್ತಳೆ ಬಣ್ಣ, ಎನಾಮಲ್‌ನಲ್ಲಿ ಕಬ್ಬಿಣದ ಅಂಶ ಇರುವುದರಿಂದ. ಆ ಹಲ್ಲು ಬಿಟ್ಟರೆ ಒಂದಷ್ಟು ಜಾಗ ಖಾಲಿ, ಹಿಂದೆ ಅರೆಯುವ ಹಲ್ಲು. ನಡುವೆ ಖಾಲಿ ಜಾಗವೇ ಇಲ್ಲದೆ ಚೂಪಾದ ಬಿಳಿ ಹಲ್ಲು ಸಾಲಾಗಿ ಬಂದಿದ್ದರೆ ಅದು ಸೊಂಡಿಲಿ, ಹುಳ ತಿನ್ನುವುದು. ಒಂದು ಸಲ ಹೇಳಿಕೊಟ್ಟರೆ ಸಾಕು, ಎರಡನೇ ಉಂಡೆಗೆ ಅವರೇ ಕೂಗಿ ಹೇಳುತ್ತಾರೆ.

ಲೆಕ್ಕವೂ ಇದೆ ಇಲ್ಲಿ. ಇಲಿಯ ಕೆಳದವಡೆ ಎರಡು ಹೋಳಾಗಿ ಬರುತ್ತದೆ. ಎಡಗಡೆಯವು ಎಷ್ಟು, ಬಲಗಡೆಯವು ಎಷ್ಟು ಎಂದು ಬೇರೆ ಬೇರೆ ಜೋಡಿಸಿ ಎಣಿಸಿದರೆ ಗೂಬೆಯ ಹೊಟ್ಟೆಗೆ ಹೋದ ಇಲಿ ಎಷ್ಟು ಎಂದು ಗೊತ್ತಾಗುತ್ತದೆ. ಕಳೆಯುವ ಲೆಕ್ಕಕ್ಕೆ ಅಳುವ ಹುಡುಗಿಯೊಬ್ಬಳು ಒಂದು ದವಡೆ ಕಡಿಮೆ ಬಂತೆಂದು ಕೂದಲನ್ನೆಲ್ಲ ಮತ್ತೆ ಜಾಲಾಡಿದಳು.

ಮುಂದಿನ ವಾರ ಒಬ್ಬ ಅಜ್ಜಿ ಬಾಗಿಲಿಗೆ ಬಂದರು. “ಏನ್ ಮೇಷ್ಟ್ರೇ, ಹುಡುಗ್ರ ಕೈಲಿ ಗೂಬೆ ಮೂಳೆ ಮುಟ್ಟಿಸ್ತೀರಂತೆ?”

“ಗೂಬೇದಲ್ಲಮ್ಮ, ಇಲೀದು. ಬನ್ನಿ, ನೋಡಿ.”

ಕಾರ್ಡಿಗೆ ಅಂಟಿಸಿಟ್ಟ ಬುರುಡೆಗಳನ್ನು ಅವರು ಸುಮಾರು ಹೊತ್ತು ನೋಡಿದರು. “ಇಷ್ಟೂ ಒಂದೇ ಗೂಬೆ ತಿಂದಿದ್ದಾ?” ಎಂದು ಕೇಳಿ ಚಾಪೆ ಮೇಲೆ ಕೂತರು. ಕೂತವರು, ತಮ್ಮ ಕಾಲದಲ್ಲಿ ಹಗೇವಿನಲ್ಲಿ ರಾಗಿ ತುಂಬಿಡುತ್ತಿದ್ದದ್ದು, ಇಲಿ ಬಿಲ ಅಗೆದು ಅವು ಕೂಡಿಟ್ಟ ತೆನೆಯನ್ನು ಬಾಚಿಕೊಂಡು ಬರುತ್ತಿದ್ದದ್ದು ಎಲ್ಲ ಹೇಳಿದರು. ಗೂಬೆ ಅಪಶಕುನ ಅನ್ನುವುದನ್ನು ಅವರು ಬಿಟ್ಟುಕೊಡಲಿಲ್ಲ, ನಾನೂ ಕೆದಕಲಿಲ್ಲ. ಅಜ್ಜಿ ಹೇಳುವುದು ಸುಳ್ಳು ಎಂದು ಮಗುವಿನ ಮುಂದೆ ಹೇಳಿದರೆ ಮಗು ಅಜ್ಜಿಯ ಪಕ್ಷ ವಹಿಸುತ್ತದೆ, ವಹಿಸಬೇಕು ಕೂಡ. ಹಾಲಕ್ಕಿಯ ವಿಷಯದಲ್ಲೂ ಹಾಗೇ. ಬೆಳಗಿನ ಜಾವ ಬರುವ ಬುಡುಬುಡಿಕೆಯವರು ಹಾಲಕ್ಕಿ ನುಡಿದ ಶಕುನ ಹೇಳುತ್ತಾರೆ. ಆ ಹಾಲಕ್ಕಿ ಅಂದರೆ ಸಂಜೆ ಕರೆಂಟು ತಂತಿಯ ಮೇಲೆ ಜೋಡಿಯಾಗಿ ಕೂತು ತಲೆ ಮೇಲೆ ಕೆಳಗೆ ಆಡಿಸುವ, ಮೈತುಂಬ ಬಿಳಿ ಚುಕ್ಕೆಯ ಪುಟ್ಟ ಗೂಬೆ. ಅದು ಏನು ನುಡಿಯಿತು ಅನ್ನುವುದನ್ನು ಬುಡುಬುಡಿಕೆಯವರಿಗೆ ಬಿಡೋಣ, ಎಲ್ಲಿ ಕೂತಿತ್ತು, ಯಾವ ಹೊತ್ತಿಗೆ ಕೂಗಿತು ಬರೆದುಕೊಂಡು ಬನ್ನಿ ಎಂದೆ. ಬಂದರು.

ಬರೆಯುವುದಕ್ಕೆ ಒಂದೇ ಕಟ್ಟಳೆ: ಕಂಡದ್ದು, ಕೇಳಿದ್ದು ಮಾತ್ರ. ‘ಗೂಬೆ ರೈತನ ಮಿತ್ರ’ ಎಂಬ ಪ್ರಬಂಧ ಸ್ಪರ್ಧೆಯ ಸಾಲು ನನ್ನ ಹತ್ತಿರ ನಡೆಯುವುದಿಲ್ಲ. ಅದನ್ನು ಬರೆದವನಿಗೆ ಗೂಬೆಯೂ ಕಂಡಿರುವುದಿಲ್ಲ, ರೈತನೂ ಕಂಡಿರುವುದಿಲ್ಲ. ‘ಗೂಬೆ ಇಲಿ ತಲೆಯನ್ನೂ ಬಿಡಲ್ಲ’ ಎಂದು ಮೂರನೇ ಕ್ಲಾಸಿನವನೊಬ್ಬ ಬರೆದ. ಅದು ಈಗ ಗೋಡೆಯ ಮೇಲಿದೆ.

ಗೂಬೆಗೆ ಕತ್ತಲಲ್ಲಿ ಇಲಿ ಹೇಗೆ ಸಿಗುತ್ತದೆ ಎಂಬುದಕ್ಕೆ ನಾಣ್ಯದ ಆಟ ಆಡಿಸುತ್ತೇನೆ. ಕಣ್ಣು ಕಟ್ಟಿ ನಡುವೆ ಕೂರಿಸಿ, ಯಾರಾದರೂ ನಾಣ್ಯ ಕುಟ್ಟಿದ ಕಡೆಗೆ ಬೆರಳು ತೋರಿಸಬೇಕು. ಒಂದು ಕಿವಿ ಮುಚ್ಚಿಕೊಂಡರೆ ಬೆರಳು ಎಲ್ಲೆಲ್ಲಿಗೋ ಹೋಗುತ್ತದೆ. ಎಡ ಬಲ ನಮಗೆ ಸುಲಭ, ಮೇಲೆ ಕೆಳಗೆ ಕಷ್ಟ. ಕಣಜದ ಗೂಬೆಯ ಕಿವಿಗಳಲ್ಲಿ ಒಂದು ಮೇಲಿದ್ದರೆ ಇನ್ನೊಂದು ತುಸು ಕೆಳಗೆ, ಹಾಗಾಗಿ ಸದ್ದು ಯಾವ ಎತ್ತರದಿಂದ ಬಂತು ಅನ್ನುವುದೂ ಅದಕ್ಕೆ ತಿಳಿಯುತ್ತದೆ. ಆಟ ಆಡಿದ ಮೇಲೆ ಇದನ್ನು ಹೇಳಿದರೆ ತಲೆಗೆ ಹತ್ತುತ್ತದೆ, ಮೊದಲೇ ಹೇಳಿದರೆ ಇಲ್ಲ.

ಗ್ರಂಥಾಲಯದ ಕಾಂಪೌಂಡಿನಲ್ಲಿ ಒಂದು ಕಲ್ಲು ಬಿದ್ದು ಕಂಡಿ ಆಗಿದೆ. ಶುಕ್ರವಾರ ಸಂಜೆ ಅಲ್ಲಿ ಜರಡಿ ಹಿಡಿದ ಬೂದಿ ಹರಡಿಡುತ್ತೇವೆ. ಹೆಜ್ಜೆಯಲ್ಲಿ ಉಗುರು ಮೂಡಿದ್ದರೆ ನಾಯಿ, ಇಲ್ಲದಿದ್ದರೆ ಬೆಕ್ಕು, ಐದು ಬೆರಳಿದ್ದರೆ ಪುನುಗು ಇರಬಹುದು. ಹೆಚ್ಚಿನ ವಾರ ನಾಯಿಯೇ.

ಮನೆಗೆ ಕೊಡುವ ಪಾಠ ಒಂದಿದೆ, ದೊಡ್ಡವರ ಜೊತೆ ಅಂಗಳದಲ್ಲಿ ನಿಂತು ಮಾಡುವುದು. ಟಾರ್ಚನ್ನು ಕಣ್ಣಿನ ಪಕ್ಕ, ಹಣೆಗೆ ಒತ್ತಿ ಹಿಡಿದು ಹುಲ್ಲಿನ ಕಡೆ ಬಿಡಬೇಕು. ಹುಲ್ಲಿನಲ್ಲಿ ಇಬ್ಬನಿ ಹನಿಯಂತೆ ಹಸಿರು ಚುಕ್ಕೆಗಳು ಮಿನುಗುತ್ತವೆ. ಬಗ್ಗಿ ನೋಡಿದರೆ ಪ್ರತಿಯೊಂದೂ ಒಂದು ಜೇಡ, ಬಲೆ ಹೆಣೆಯದೆ ಓಡಾಡಿ ಬೇಟೆಯಾಡುವ ಜಾತಿ. ಹಸು, ಬೆಕ್ಕು, ನತ್ತಿಂಗ, ಈ ಜೇಡ ಎಲ್ಲದರ ಕಣ್ಣಿನ ಹಿಂದೆ ಬೆಳಕನ್ನು ಮರಳಿಸುವ ಪೊರೆ ಇದೆ. ಟಾರ್ಚನ್ನು ಸೊಂಟದ ಹತ್ತಿರ ಹಿಡಿದರೆ ಏನೂ ಕಾಣುವುದಿಲ್ಲ, ಯಾಕೆಂದರೆ ಬೆಳಕು ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ಚಿರತೆ, ಕರಡಿಯಿಂದ ಶುರುಮಾಡುವುದಕ್ಕಿಂತ ಅಂಗಳದ ಜೇಡದಿಂದ ಶುರುಮಾಡುವುದು ವಾಸಿ ಎಂದು ನನಗೆ ಖಾತ್ರಿಯಾದದ್ದು ಸೋಮವಾರ ಬೆಳಗ್ಗೆ ಮಕ್ಕಳು ದಾರಿಯಲ್ಲೇ ಅಡ್ಡಹಾಕಿ ವರದಿ ಒಪ್ಪಿಸಿದಾಗ.

ಎಲ್ಲ ಭಯವನ್ನೂ ಕಳೆಯಬೇಕಾಗಿಲ್ಲ. ಕಟ್ಟುಹಾವೂ ರಾತ್ರಿಯದೇ. ನೆಲದಲ್ಲಿ ಮಲಗಿದವರನ್ನು ಕಚ್ಚಿದರೆ ಹೆಚ್ಚು ನೋವೂ ಆಗದಿರಬಹುದು, ಅದೇ ಮೋಸ. ಸೊಳ್ಳೆಪರದೆಯನ್ನು ಚಾಪೆಯಡಿ ಸಿಕ್ಕಿಸಿ ಮಲಗಿ, ರಾತ್ರಿ ಬಚ್ಚಲಿಗೂ ಟಾರ್ಚು ಹಿಡಿದು ಹೋಗಿ, ಕಚ್ಚಿದ ಅನುಮಾನ ಬಂದರೂ ಮಂತ್ರ ಹಾಕಿಸುತ್ತ ಕೂರದೆ ನೇರ ಆಸ್ಪತ್ರೆಗೆ ಎಂದು ಬಾಯಿಪಾಠ ಮಾಡಿಸುತ್ತೇನೆ. ಇದೊಂದಕ್ಕೆ ಬಾಯಿಪಾಠವೇ ಸರಿ.

2018ರಲ್ಲಿ ಕೋಯಿಕ್ಕೋಡಿನಲ್ಲಿ ನಿಫಾ ಬಂದ ಮೇಲೆ ಬಾವಲಿಯ ಹೆಸರೆತ್ತಿದರೆ ಜನ ಹೌಹಾರುತ್ತಾರೆ. “ಸಾರ್, ಬಾವಲಿ ಮರಕ್ಕೆ ಪಟಾಕಿ ಹೊಡೀಬೇಕಂತೆ, ಹೌದಾ?” ಎಂದು ಒಬ್ಬ ಕೇಳಿದ. ಇಂಥದ್ದಕ್ಕೆ ಸುತ್ತಿ ಬಳಸಿ ಉತ್ತರ ಹೇಳಬಾರದು. ಹೌದು, ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲಿ ಆ ವೈರಸ್ ಇರುತ್ತದೆ. ಕಚ್ಚಿ ಬಿದ್ದ ಹಣ್ಣು ತಿನ್ನಬೇಡಿ, ಸತ್ತ ಬಾವಲಿ ಮುಟ್ಟಬೇಡಿ, ಹಣ್ಣು ತೊಳೆದು ತಿನ್ನಿ. ಪಟಾಕಿ ಹೊಡೆದರೆ ಊರಾಚೆಯ ಆಲದಲ್ಲಿರುವುದು ಚದುರಿ ನಮ್ಮ ಹಿತ್ತಲಿಗೇ ಬರುತ್ತದೆ. ಹಿಪ್ಪೆ, ಬೂರುಗದ ಹೂವಿಗೆ ಪರಾಗ ಸಾಗಿಸುವವು ಇವೇ ಎಂಬುದನ್ನು ಆಮೇಲೆ ಹೇಳಿದೆ. 1972ರ ವನ್ಯಜೀವಿ ಕಾಯ್ದೆ ಇವನ್ನು ಇಲಿ, ಕಾಗೆಗಳ ಜೊತೆ ಪೀಡೆಗಳ ಪಟ್ಟಿಗೆ ಹಾಕಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. “ಅಂದ್ರೆ ಸರ್ಕಾರನೂ ಮನಸ್ಸು ಬದಲಾಯಿಸ್ತದಾ ಸಾರ್?” ಎಂದ ಅದೇ ಹುಡುಗ.

ಕಾಡುಪಾಪದ ವಿಷಯಕ್ಕೆ ಬಂದರೆ ನಮ್ಮ ಕಟ್ಟಳೆ ತಿರುವು ಮುರುವು. ನಮ್ಮ ಜಿಲ್ಲೆಯ ನಾಗವಲ್ಲಿ ಅವುಗಳಿಂದಲೇ ಹೆಸರಾದ ಊರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಆವರಣದಲ್ಲೂ ಇವೆ, ನಗರದಲ್ಲಿ 2014ರಿಂದ ಜನಸಾಮಾನ್ಯರೂ ಸೇರಿ ಅವುಗಳ ಸಮೀಕ್ಷೆ ಮಾಡುತ್ತ ಬಂದಿದ್ದಾರೆ. ಕಾಲು ಕೆಜಿ ಆಸುಪಾಸಿನ ಜೀವ, ಮುಖದ ತುಂಬ ಕಣ್ಣು. ತಾಯಿ ಮರಿಯನ್ನು ಒಂದು ಕೊಂಬೆಗೆ ಕಚ್ಚಿಕೊಳ್ಳಲು ಬಿಟ್ಟು ಹುಳ ಹಿಡಿಯಲು ಹೋಗುತ್ತದೆ, ಮರಿ ಅಲ್ಲೇ ಇರುತ್ತದೆ. ಅಂಗನವಾಡಿ ಎಂದು ಮಕ್ಕಳು ಅದಕ್ಕೆ ಹೆಸರಿಟ್ಟಿದ್ದಾರೆ. ತನ್ನ ಉಚ್ಚೆಯನ್ನೇ ಅಂಗೈ ಅಂಗಾಲಿಗೆ ಸವರಿಕೊಳ್ಳುತ್ತದೆ ಎಂದರೆ ಐದು ನಿಮಿಷ ನಗು ನಿಲ್ಲುವುದಿಲ್ಲ. ನೆಲಕ್ಕಿಳಿಯಲು ಹಿಂಜರಿಯುವ ಪ್ರಾಣಿ ಇದು, ಹುಣಸೆಯಿಂದ ಜಾಲಿಗೆ, ಜಾಲಿಯಿಂದ ಬೇಲಿಗೆ ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ಅದಕ್ಕೆ ದಾರಿ. ಬೇಲಿ ಕಿತ್ತು ತಂತಿ ಎಳೆದರೆ ದಾರಿ ತಪ್ಪಿತು.

ಇಷ್ಟೆಲ್ಲ ಬರೆಯಬಹುದು. ಯಾವ ಬೇಲಿ, ಯಾರ ತೋಟ ಎಂದು ಮಾತ್ರ ಬರೆಯುವ ಹಾಗಿಲ್ಲ. ಮಾಟ, ನಾಟಿ ಔಷಧ ಎಂದು ಅವನ್ನು ಹಿಡಿಯುವವರು ಇದ್ದಾರೆ, ಮುಖಕ್ಕೆ ಫ್ಲ್ಯಾಶ್ ಹೊಡೆದು ಫೋಟೋ ತೆಗೆಯುವವರಂತೂ ಇನ್ನೂ ಹೆಚ್ಚು. ಕಂಡದ್ದನ್ನೆಲ್ಲ ಬರೆಯಿರಿ ಎಂದು ಕಲಿಸಿದ ಮಕ್ಕಳಿಗೆ ಇದೊಂದನ್ನು ಬರೆಯಬೇಡಿ ಎಂದು ಹೇಳುವುದು ಕಷ್ಟವಾಗುತ್ತದೆ ಅಂದುಕೊಂಡಿದ್ದೆ. ಅವರಿಗೆ ಅದೇ ಎಲ್ಲಕ್ಕಿಂತ ಇಷ್ಟವಾಯಿತು. ಕಾರಿನಲ್ಲಿ ಬಂದ ಯಾರೋ ಚಾಕೊಲೇಟು ಕೊಟ್ಟು ಕಾಡುಪಾಪ ಎಲ್ಲಿದೆ ಎಂದು ಕೇಳಿದರಂತೆ. ಚಾಕೊಲೇಟು ತಿಂದು, ಅವರನ್ನು ಅಕ್ಕಿ ಗಿರಣಿಗೆ ಕಳಿಸಿದ್ದಾರೆ.