ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು, ಕನ್ನಡಕ್ಕೆ ಬಂದದ್ದು



‘ಡಿಗ್ರಿ ಮಾಡಬೇಕು’ ಅಂತ ನಾವೆಲ್ಲ ಹೇಳುತ್ತೇವೆ. ಡಿಗ್ರಿ ಕೊಡುವವರು ಯಾರು ಅಂತ ಕೇಳಿದರೆ ಬಹಳ ಜನ ‘ಕಾಲೇಜು’ ಅಂತಾರೆ. ಹಾಗಲ್ಲ. ಕಾಲೇಜು ಪಾಠ ಹೇಳುತ್ತದೆ, ಪದವಿ ಕೊಡುವುದು ವಿಶ್ವವಿದ್ಯಾನಿಲಯ. ಏನು ಓದಬೇಕು, ಪರೀಕ್ಷೆ ಹೇಗಿರಬೇಕು ಎಂದು ತೀರ್ಮಾನಿಸುವ ಅಧಿಕಾರ ಅದರದು. ಈ ಅಧಿಕಾರ ನಮ್ಮ ನಾಡಿಗೆ ಹೇಗೆ ಬಂತು, ಬಂದ ಮೇಲೆ ಏನಾಯಿತು ಎಂಬುದೇ ಈ ಲೇಖನದ ವಿಷಯ.

ಮೊದಲು ಏನಿತ್ತು?

ಬ್ರಿಟಿಷರು 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದರಾಸು ಈ ಮೂರು ಊರುಗಳಲ್ಲಿ ವಿಶ್ವವಿದ್ಯಾನಿಲಯ ಸ್ಥಾಪಿಸಿದರು. ಲಂಡನ್ ವಿಶ್ವವಿದ್ಯಾನಿಲಯವೇ ಇವಕ್ಕೆ ಮಾದರಿ. ಆರಂಭದಲ್ಲಿ ಇವುಗಳ ಮುಖ್ಯ ಕೆಲಸ ಪಾಠ ಹೇಳುವುದಲ್ಲ, ಪರೀಕ್ಷೆ ನಡೆಸುವುದು. ಆಮೇಲೆ 1882ರಲ್ಲಿ ಪಂಜಾಬ್, 1887ರಲ್ಲಿ ಅಲಹಾಬಾದ್ ವಿಶ್ವವಿದ್ಯಾನಿಲಯಗಳು ಬಂದವು.

ಆಗ ಕನ್ನಡ ನಾಡು ಒಂದಾಗಿರಲಿಲ್ಲ. ಧಾರವಾಡದ ಕಡೆಯವರು ಬೊಂಬಾಯಿ ಪ್ರಾಂತ್ಯದಲ್ಲಿ, ಮಂಗಳೂರು ಬಳ್ಳಾರಿಯವರು ಮದರಾಸು ಪ್ರಾಂತ್ಯದಲ್ಲಿ, ಕಲಬುರಗಿ ಬೀದರಿನವರು ನಿಜಾಮನ ಹೈದರಾಬಾದಿನಲ್ಲಿ ಇದ್ದರು. ಮೈಸೂರು ಸಂಸ್ಥಾನಕ್ಕೆ ತನ್ನದೇ ಮಹಾರಾಜರಿದ್ದರು. ಮೈಸೂರಿನಲ್ಲಿ ಮಹಾರಾಜಾ ಕಾಲೇಜು, ಬೆಂಗಳೂರಿನಲ್ಲಿ ಸೆಂಟ್ರಲ್ ಕಾಲೇಜು ಇತ್ತು. ಆದರೆ ಈ ಎರಡೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಅಂದರೆ ಏನಾಯಿತು? ಕಾಲೇಜು ನಡೆಸುವ ಖರ್ಚು ಮೈಸೂರಿನದು, ಪಠ್ಯ ಗೊತ್ತುಮಾಡುವ ಅಧಿಕಾರ ಮದರಾಸಿನದು. ಮನೆ ನಮ್ಮದು, ಬೀಗದಕೈ ಪಕ್ಕದೂರಿನವರ ಹತ್ತಿರ ಇದ್ದ ಹಾಗೆ.

ಮುದ್ದೇನಹಳ್ಳಿಯ ಒಬ್ಬ ಹುಡುಗ ಮಕ್ಕಳಿಗೆ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪಾಸಾದ. ಅವನ ಪದವಿಯೂ ಮದರಾಸಿನದೇ. ಆ ಹುಡುಗನೇ ಮುಂದೆ 1912ರಲ್ಲಿ ಮೈಸೂರಿನ ದಿವಾನರಾದ ಸರ್ ಎಂ. ವಿಶ್ವೇಶ್ವರಯ್ಯನವರು.

ಸ್ಥಾಪನೆ

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಒಂದರ ಹಿಂದೆ ಒಂದು ಕೆಲಸಗಳು ನಡೆದವು. 1911ರಲ್ಲಿ ಕನ್ನಂಬಾಡಿ ಅಣೆಕಟ್ಟೆಯ ಕೆಲಸ ಶುರುವಾಯಿತು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಬಂದವು. ಅಣೆಕಟ್ಟೆ, ಕಾರ್ಖಾನೆ, ಬ್ಯಾಂಕು ಎಲ್ಲಕ್ಕೂ ಓದಿದ ಜನ ಬೇಕು. ಅವರನ್ನು ತಯಾರು ಮಾಡುವ ಪಾಠವನ್ನು ಬೇರೆ ಊರಿನವರು ಗೊತ್ತುಮಾಡಿದರೆ ಆದೀತೇ? ಸಂಸ್ಥಾನಕ್ಕೆ ತನ್ನದೇ ವಿಶ್ವವಿದ್ಯಾನಿಲಯ ಬೇಕು ಎಂದು ವಿಶ್ವೇಶ್ವರಯ್ಯನವರು ಪಟ್ಟು ಹಿಡಿದದ್ದು ಅದಕ್ಕೇ.

1916ನೇ ಇಸವಿ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ದೇಶದ ಸಂಸ್ಥಾನಗಳಲ್ಲಿ ಇದೇ ಮೊದಲನೆಯದು. ಮಹಾರಾಜರೇ ಕುಲಾಧಿಪತಿಗಳಾದರು. ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. ಅದೇ ವರ್ಷ ಆರಂಭವಾದ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯಕ್ಕೂ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿಯವರೇ!

ಕಲೆಯ ವಿಷಯಗಳಿಗೆ ಮೈಸೂರು, ವಿಜ್ಞಾನಕ್ಕೆ ಬೆಂಗಳೂರು ಎಂದು ಹಂಚಿಕೊಂಡರು. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಅರ್ಥಶಾಸ್ತ್ರದ ಓಲೆಗರಿಯಿದ್ದ ಮೈಸೂರಿನ ಪ್ರಾಚ್ಯ ಗ್ರಂಥಾಲಯವೂ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಆ ಓಲೆಗರಿಯನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು.

ಒಳ್ಳೆಯ ಗುರುಗಳು ಎಲ್ಲಿದ್ದರೂ ಕರೆತಂದರು. ಮುಂದೆ ರಾಷ್ಟ್ರಪತಿಗಳಾದ ಡಾ. ಎಸ್. ರಾಧಾಕೃಷ್ಣನ್ 1918ರಿಂದ 1921ರವರೆಗೆ ಇಲ್ಲಿ ತತ್ತ್ವಶಾಸ್ತ್ರ ಬೋಧಿಸಿದರು. ಅವರು ಕಲ್ಕತ್ತಾಕ್ಕೆ ಹೊರಟಾಗ ವಿದ್ಯಾರ್ಥಿಗಳು ಗಾಡಿಯ ಕುದುರೆ ಬಿಚ್ಚಿ ತಾವೇ ರೈಲ್ವೆ ಸ್ಟೇಷನ್ನಿನವರೆಗೆ ಎಳೆದರು ಎಂಬ ಸಂಗತಿ ಪ್ರಸಿದ್ಧವಾಗಿದೆ. ಎರಡನೆಯ ಕುಲಪತಿ ಬ್ರಜೇಂದ್ರನಾಥ ಸೀಲರು ಬಂಗಾಳದಿಂದ ಬಂದವರು.

ಎರಡು ಪ್ರಶ್ನೆಗಳು ಉಳಿದವು

ಬೀಗದಕೈ ನಮ್ಮ ಕೈಗೇನೋ ಬಂತು. ಆದರೆ ಬಾಗಿಲು ಯಾರಿಗೆ ತೆರೆಯಿತು?

ಮೊದಲನೆಯದು, ಯಾರ ಮಕ್ಕಳು ಅಲ್ಲಿಯವರೆಗೆ ಬರುತ್ತಾರೆ ಎಂಬ ಪ್ರಶ್ನೆ. ಆಗ ಓದಿನಲ್ಲೂ ಸರ್ಕಾರಿ ಕೆಲಸದಲ್ಲೂ ಕೆಲವೇ ಸಮುದಾಯದವರು ಮುಂದಿದ್ದರು. ಉಳಿದವರಿಗೂ ಪಾಲು ಸಿಗಬೇಕು ಎಂದು ಮಹಾರಾಜರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಈ ಕ್ರಮ ವಿಶ್ವೇಶ್ವರಯ್ಯನವರಿಗೆ ಒಪ್ಪಿಗೆಯಾಗಲಿಲ್ಲ. ಅವರು ಅದೇ ವರ್ಷ ದಿವಾನಗಿರಿ ಬಿಟ್ಟರು. ಒಂದೇ ವಿಶ್ವವಿದ್ಯಾನಿಲಯ ಕಟ್ಟಿದ ಇಬ್ಬರು ಹಿರಿಯರಿಗೆ ಈ ಒಂದು ವಿಷಯದಲ್ಲಿ ಅಭಿಪ್ರಾಯ ಬೇರೆಯಾಗಿತ್ತು. ಇಬ್ಬರನ್ನೂ ಗೌರವಿಸುವ ನಾವು ಇದನ್ನೂ ತಿಳಿದಿರಬೇಕು. ಯಾಕೆಂದರೆ ಮಿಲ್ಲರ್ ಸಮಿತಿಯ ದಾರಿಯಿಂದಲೇ ಹಳ್ಳಿಯ ಅನೇಕ ಮಕ್ಕಳು ವಿದ್ಯಾರ್ಥಿವೇತನ ಪಡೆದು ಮುಂದೆ ಬಂದರು.

ಎರಡನೆಯದು ಭಾಷೆಯ ಪ್ರಶ್ನೆ. ಮೈಸೂರಿನಲ್ಲಿ ಪಾಠ ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಎರಡೇ ವರ್ಷ ಆದ ಮೇಲೆ, 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಆರಂಭವಾಯಿತು. ಅಲ್ಲಿ ಪಾಠವೆಲ್ಲ ಉರ್ದುವಿನಲ್ಲಿ! ಭಾರತದ ಭಾಷೆಯಲ್ಲಿ ಉನ್ನತ ಶಿಕ್ಷಣ ಸಾಧ್ಯ ಎಂದು ಅವರು ತೋರಿಸಿದರು. ಆದರೆ ಆ ಸಂಸ್ಥಾನದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. ಹಾಗಾಗಿ ಅಲ್ಲೂ ಹಳ್ಳಿಯ ಮಗುವಿಗೆ ಇನ್ನೊಂದು ಭಾಷೆಯ ಗೋಡೆ ಅಡ್ಡ ಬಂತು.

ಕನ್ನಡಕ್ಕೆ ಬಂದ ಬಗೆ

ಈ ಗೋಡೆಯನ್ನು ಒಂದೇ ಏಟಿಗೆ ಒಡೆಯಲು ಆಗಲಿಲ್ಲ, ಇಟ್ಟಿಗೆ ಇಟ್ಟಿಗೆಯಾಗಿ ತೆಗೆದರು. ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರು, ಆದರೆ ಊರೂರಿಗೆ ಹೋಗಿ ಕನ್ನಡದ ಪರ ಭಾಷಣ ಮಾಡಿದರು. 1919ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಹೊರಟಿತು. ಅದರ ಹಿಂದೆ ಎ.ಆರ್. ಕೃಷ್ಣಶಾಸ್ತ್ರಿಗಳ ದುಡಿಮೆ ಇತ್ತು. 1927ರಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು.

ಆ ತರಗತಿಯಲ್ಲಿ ಕುಪ್ಪಳಿಯ ಕೆ.ವಿ. ಪುಟ್ಟಪ್ಪ ಎಂಬ ವಿದ್ಯಾರ್ಥಿ ಇದ್ದರು. ಅವರು ಹುಡುಗನಾಗಿದ್ದಾಗ ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದರು. ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ ಅದನ್ನು ನೋಡಿ, ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದು ಬುದ್ಧಿ ಹೇಳಿದರು. ಆ ಮಲೆನಾಡಿನ ಹುಡುಗನೇ ನಮ್ಮ ಕುವೆಂಪು. 1929ರಲ್ಲಿ ಮಹಾರಾಜಾ ಕಾಲೇಜಿನ ಅಧ್ಯಾಪಕರಾದರು, 1956ರಲ್ಲಿ ಅದೇ ವಿಶ್ವವಿದ್ಯಾನಿಲಯದ ಕುಲಪತಿಯಾದರು. ‘ಮಾನಸಗಂಗೋತ್ರಿ’ ಎಂಬ ಹೆಸರು ಅವರದೇ.

ವಿಶ್ವವಿದ್ಯಾನಿಲಯದವರು ಹಳ್ಳಿ ಪಟ್ಟಣಗಳಿಗೆ ಹೋಗಿ ಆರೋಗ್ಯ, ವಿಜ್ಞಾನ, ಚರಿತ್ರೆಯ ಬಗ್ಗೆ ಕನ್ನಡದಲ್ಲಿ ಉಪನ್ಯಾಸ ಕೊಟ್ಟರು. ಅವು ಕಡಿಮೆ ಬೆಲೆಯ ಚಿಕ್ಕ ಪುಸ್ತಕಗಳಾಗಿ ಬಂದವು. ಕಾಲೇಜಿನ ಮೆಟ್ಟಿಲು ಹತ್ತದ ರೈತನೂ ಅವನ್ನು ಓದಬಹುದಿತ್ತು. 1946ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟು ಪ್ರಕಟವಾಯಿತು. 1969ರಲ್ಲಿ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂತು. ಅದು ಒಟ್ಟು 14 ಸಂಪುಟಗಳಾಗಿ ಬೆಳೆಯಿತು.

ನಿಘಂಟು ಮಾಡುವುದು ಅಂದರೆ ಸುಮ್ಮನೆ ಅರ್ಥ ಬರೆಯುವುದಲ್ಲ. ಆಮ್ಲಜನಕ, ಗುರುತ್ವಾಕರ್ಷಣೆ, ದ್ಯುತಿಸಂಶ್ಲೇಷಣೆ ಈ ಪದಗಳು ನಮ್ಮ ಮುತ್ತಜ್ಜಂದಿರ ಬಾಯಲ್ಲಿ ಇರಲಿಲ್ಲ. ಇಂಥ ಒಂದೊಂದು ಪದವನ್ನೂ ಯಾರೋ ಕುಳಿತು ಯೋಚಿಸಿ ಕಟ್ಟಿದ್ದಾರೆ. ಅದಕ್ಕೇ ಇವತ್ತು ನಾವು ವಿಜ್ಞಾನವನ್ನು ಕನ್ನಡದಲ್ಲಿ ಓದುತ್ತಿದ್ದೇವೆ.

ಉಳಿದು ಬಂದದ್ದು

ಒಂದು ಮರದಿಂದ ಹಲವು ಸಸಿಗಳಾದವು. 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಬೇರೆಯಾದವು. ಕಾದಂಬರಿಕಾರ ಆರ್.ಕೆ. ನಾರಾಯಣ್, ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್, ವಿಜ್ಞಾನಿ ಸಿ.ಎನ್.ಆರ್. ರಾವ್ ಇಲ್ಲಿನ ಪದವೀಧರರು. ಮೈಕ್ರೋವೇವ್ ಎಂಜಿನಿಯರಿಂಗಿನಲ್ಲಿ ಹೆಸರು ಮಾಡಿದ ರಾಜೇಶ್ವರಿ ಚಟರ್ಜಿಯವರೂ ಇಲ್ಲಿ ಓದಿದವರೇ. ಹೆಣ್ಣುಮಕ್ಕಳು ಈ ಹೆಸರನ್ನು ನೆನಪಿಡಿ.

ಸ್ನೇಹಿತರೇ, 1916ರಲ್ಲಿ ಪರೀಕ್ಷೆಯ ಅಧಿಕಾರ ನಮ್ಮ ನಾಡಿಗೆ ಬಂದದ್ದು ಅರ್ಧ ಕೆಲಸ. ಜ್ಞಾನ ನಮ್ಮ ಮಾತಿಗೆ ಬರುವುದು ಉಳಿದರ್ಧ. ಆ ಅರ್ಧ ಇನ್ನೂ ಮುಗಿದಿಲ್ಲ. ವೈದ್ಯಕೀಯ, ಎಂಜಿನಿಯರಿಂಗ್ ಪಾಠಕ್ಕೆ ಹೋದಾಗ ಕನ್ನಡ ಶಾಲೆಯ ಮಕ್ಕಳು ಈಗಲೂ ತಡವರಿಸುತ್ತಾರೆ. ಇದಕ್ಕೆ ಹೆದರಬೇಕಾಗಿಲ್ಲ, ನಾಚಿಕೆಯೂ ಬೇಡ. ಇಂಗ್ಲಿಷನ್ನು ಚೆನ್ನಾಗಿ ಕಲಿಯೋಣ, ಕಲಿತದ್ದನ್ನು ಕನ್ನಡಕ್ಕೆ ತರೋಣ. ಬಿ.ಎಂ.ಶ್ರೀ. ಅವರೂ ಕುವೆಂಪು ಅವರೂ ಮಾಡಿದ್ದು ಇದನ್ನೇ.

ಯೋಚಿಸಿ ಉತ್ತರಿಸಿ

1. ಕಾಲೇಜಿಗೂ ವಿಶ್ವವಿದ್ಯಾನಿಲಯಕ್ಕೂ ಇರುವ ವ್ಯತ್ಯಾಸವೇನು?
2. 1916ಕ್ಕೆ ಮೊದಲು ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಗೆ ಪದವಿ ಎಲ್ಲಿಂದ ಬರುತ್ತಿತ್ತು?
3. ಉಸ್ಮಾನಿಯಾ ವಿಶ್ವವಿದ್ಯಾನಿಲಯದಿಂದ ನಾವು ಕಲಿಯಬೇಕಾದ ಎರಡು ಪಾಠಗಳು ಯಾವುವು?
4. ನಿಮ್ಮ ವಿಜ್ಞಾನ ಪುಸ್ತಕದಿಂದ ಐದು ಕನ್ನಡ ಪಾರಿಭಾಷಿಕ ಪದ ಆರಿಸಿ. ಅವನ್ನು ಬಿಡಿಸಿ, ಯಾವ ಯಾವ ಪದ ಸೇರಿ ಆಗಿವೆ ಎಂದು ಗುರುಗಳ ಸಹಾಯದಿಂದ ಬರೆಯಿರಿ. ಚೆನ್ನಾಗಿರುವ ಉತ್ತರಗಳನ್ನು ಮುಂದಿನ ಸಂಚಿಕೆಯಲ್ಲಿ ಅಂಟಿಸಲಾಗುವುದು.