ಕಾಲು ನೆನೆದ ಮೇಲೆ ತೆರೆದ ದಾರಿ

ಓದಿರಿ: ಯೆಹೋಶುವ 3:1-17



ಬೆಟ್ಟ ಹತ್ತಿ ಬಂದಿದ್ದೀರಿ. ಸ್ವಲ್ಪ ಕೂತು ದಣಿವಾರಿಸಿಕೊಳ್ಳಿ. ಇಲ್ಲಿಗೆ ಬರುವ ನಮ್ಮೆಲ್ಲರ ಕೈಯಲ್ಲಿ ಮೇಣದ ಬತ್ತಿ ಇರುತ್ತದೆ, ಎದೆಯಲ್ಲಿ ಒಂದು ಭಯವೂ ಇರುತ್ತದೆ. ತೀರದ ಸಾಲ, ಮಗಳ ಮದುವೆ, ಕೋರ್ಟಿನ ತೀರ್ಪು, ಡಾಕ್ಟರು ಬರೆದುಕೊಟ್ಟ ಚೀಟಿ. "ದೇವರೇ, ಮೊದಲು ಈ ಭಯ ತೆಗಿ, ಆಮೇಲೆ ಹೆಜ್ಜೆ ಇಡ್ತೀನಿ" ಎಂದು ಬೇಡಿಕೊಳ್ಳುತ್ತೇವೆ. ಆ ಪ್ರಾರ್ಥನೆಯ ಬಗ್ಗೆಯೇ ಈ ಪಾಠ.

ತುಂಬಿದ ಹೊಳೆಯ ಮುಂದೆ

ಮೋಶೆ ತೀರಿಕೊಂಡಿದ್ದನು. ಇಸ್ರಯೇಲರಿಗೆ ಈಗ ಯೆಹೋಶುವ ನಾಯಕ. ಎದುರಿಗೆ ಜೋರ್ಡನ್ ನದಿ, ಅದರಾಚೆ ದೇವರು ವಾಗ್ದಾನ ಮಾಡಿದ್ದ ಕಾನಾನ್ ನಾಡು. ಅದು ಸುಗ್ಗಿಯ ಕಾಲ. ನಮ್ಮಲ್ಲಿ ಸುಗ್ಗಿಯ ಹೊತ್ತಿಗೆ ಹೊಳೆ ಇಳಿದಿರುತ್ತದೆ. ಅಲ್ಲಿ ಹಾಗಲ್ಲ, ಆಗಲೇ ಜೋರ್ಡನ್ ದಡ ಮೀರಿ ಹರಿಯುತ್ತಿತ್ತು. ಜನ ಮೂರು ದಿನ ಆ ದಡದಲ್ಲೇ ತಂಗಿದ್ದರು. ಹೆಂಡತಿ ಮಕ್ಕಳು, ದನಕರು ಕಟ್ಟಿಕೊಂಡು ಮೂರು ದಿನ ಆ ನೀರನ್ನೇ ನೋಡುತ್ತಾ ಕೂತವರ ಭಯ ಎಷ್ಟಿದ್ದೀತು, ಯೋಚಿಸಿ.

40 ವರ್ಷಗಳ ಹಿಂದೆ ಕೆಂಪು ಸಮುದ್ರದಲ್ಲಿ ದೇವರು ಮೊದಲು ನೀರನ್ನು ಇಬ್ಭಾಗ ಮಾಡಿದರು, ಜನ ಆಮೇಲೆ ಒಣನೆಲದಲ್ಲಿ ನಡೆದರು. ಇಲ್ಲಿ ಕ್ರಮ ಬೇರೆ. ಒಡಂಬಡಿಕೆಯ ಮಂಜೂಷ ಹೊತ್ತ ಯಾಜಕರು ಮೊದಲು ನೀರಿಗೆ ಕಾಲಿಡಬೇಕಾಗಿತ್ತು. ಅವರ ಪಾದ ನೆನೆದ ಮೇಲೆಯೇ ಹರಿವು ನಿಂತಿತು.

ನಿಂತದ್ದಾದರೂ ಎಲ್ಲಿ? ಅವರ ಕಾಲ ಬುಡದಲ್ಲಲ್ಲ. ಬಹುದೂರದ ಆದಾಮ್ ಎಂಬ ಊರಿನ ಬಳಿ ನೀರು ತಡೆದು ನಿಂತಿತು ಎನ್ನುತ್ತದೆ ಪವಿತ್ರ ಗ್ರಂಥ. ದಡದಲ್ಲಿದ್ದವರ ಕಣ್ಣಿಗೆ ಅದು ಕಾಣುವಂತಿರಲಿಲ್ಲ. ನಮಗೆ ಕಾಣದ ಕಡೆಯಲ್ಲೂ ದೇವರು ಕೆಲಸ ಮಾಡುತ್ತಾರೆ.

ನನ್ನ ಜೋರ್ಡನ್

ಕೆಲವು ವರ್ಷಗಳ ಹಿಂದೆ ನನ್ನ ಎದೆಯಲ್ಲಿ ಒಂದು ಗಂಟು ಕೈಗೆ ತಗುಲಿತು. ಐದು ತಿಂಗಳು ಯಾರಿಗೂ ಹೇಳಲಿಲ್ಲ. ಇದೇ ಬೆಟ್ಟಕ್ಕೆ ಮೂರು ಸಲ ಬಂದೆ. ಹರಕೆ ಹೊತ್ತೆ, ಶುಕ್ರವಾರ ಉಪವಾಸ ಮಾಡಿದೆ. ಆಸ್ಪತ್ರೆಗೆ ಮಾತ್ರ ಹೋಗಲಿಲ್ಲ. ಅದನ್ನೇ ವಿಶ್ವಾಸ ಅಂದುಕೊಂಡಿದ್ದೆ. ಮೂರನೆಯ ಸಲ ಬಂದಾಗ ಗುರುಗಳ ಮುಂದೆ ಅತ್ತುಬಿಟ್ಟೆ. ಅವರು ಎಲ್ಲ ಕೇಳಿಸಿಕೊಂಡು, "ಇಷ್ಟು ಎತ್ತರ ಹತ್ತಿ ಬಂದಿದ್ದೀರಲ್ಲಮ್ಮ, ಆಸ್ಪತ್ರೆಗೆ ಹೋಗೋಕೆ ನಿಮ್ಮೂರಿಂದ ಬಸ್ಸಿಲ್ವಾ?" ಅಂದರು.

ಮಾರನೇ ದಿನ ತಂಗಿಗೆ ಹೇಳಿದೆ. ಅವಳ ಜೊತೆ ಹೋದೆ. ಭಯ ಹೋಗಿರಲಿಲ್ಲ, ಭಯದ ಜೊತೆಗೇ ಹೋದೆ. ರಿಪೋರ್ಟು ಒಳ್ಳೆಯದಿರಲಿಲ್ಲ. ಇಷ್ಟು ತಡ ಮಾಡಬಾರದಿತ್ತು ಎಂದು ಡಾಕ್ಟರು ಬೈದರು. ಅದು ನನ್ನದೇ ತಪ್ಪು. ಆಪರೇಷನ್ ಆಯಿತು, ಚಿಕಿತ್ಸೆ ನಡೆಯಿತು, ಈಗಲೂ ತಪಾಸಣೆಗೆ ಹೋಗುತ್ತೇನೆ. ಪ್ರತಿ ಸಲವೂ ಕೈ ನಡುಗುತ್ತದೆ. ಆದರೆ ಬಾಯಿ ಬಿಟ್ಟು ಹೇಳಿದ ದಿನದಿಂದ ನಾನು ಒಂಟಿಯಾಗಿರಲಿಲ್ಲ. ತಂಗಿ ಕೆಲಸಕ್ಕೆ ರಜೆ ಹಾಕಿದಳು, ಪಕ್ಕದ ಮನೆಯವರು ಬುತ್ತಿ ಕಳಿಸಿದರು. ಮುಚ್ಚಿಟ್ಟುಕೊಂಡಿದ್ದಾಗ ಅವರಿಗೆ ಗೊತ್ತಾಗುವುದಾದರೂ ಹೇಗೆ?

ಹರಕೆ ತಪ್ಪಲ್ಲ. ಹೆಜ್ಜೆಯ ಬದಲಿಗೆ ಹರಕೆ ಇಟ್ಟದ್ದು ತಪ್ಪು.

ಯೇಸುಸ್ವಾಮಿಯ ಹೆಜ್ಜೆ

ಭಯಪಡುವುದೇ ಅವಿಶ್ವಾಸ ಅಂತ ಕೆಲವರು ಕೊರಗುತ್ತಾರೆ. ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿಯೂ ದಿಗಿಲುಗೊಂಡರು, ವ್ಯಥೆಪಟ್ಟರು (ಮಾರ್ಕ 14:33). ಆ ಪಾತ್ರೆ ತಮ್ಮಿಂದ ದೂರವಾಗಲಿ ಎಂದು ಬೇಡಿದರು. ಆಮೇಲೆ ತಂದೆಯ ಚಿತ್ತಕ್ಕೆ ಒಪ್ಪಿಸಿಕೊಟ್ಟರು, ಶಿಷ್ಯರನ್ನು ಎಬ್ಬಿಸಿದರು, ಹಿಡಿಯಲು ಬಂದವರ ಎದುರಿಗೇ ನಡೆದರು. ಶಿಲುಬೆ ಹಾದಿಯ 14 ಸ್ಥಳಗಳಲ್ಲಿ ನಾವು ಧ್ಯಾನಿಸುವುದು ಅವರ ಆ ನಡಿಗೆಯನ್ನೇ. ಆ ಹಾದಿಯಲ್ಲಿ ಅವರು ಮೂರು ಸಲ ಬಿದ್ದರು, ಮೂರು ಸಲವೂ ಎದ್ದರು.

ಇಳಿಯುವ ಮುನ್ನ

1. ನಿಮ್ಮ ಭಯಕ್ಕೆ ಹೆಸರಿಟ್ಟು ದೇವರಿಗೆ ಹೇಳಿ. ಸುತ್ತುಬಳಸಿ ಹೇಳಬೇಡಿ.

2. ಇಡೀ ಹೊಳೆ ದಾಟುವ ಯೋಚನೆ ಈಗಲೇ ಬೇಡ. ನಾಳೆ ಬೆಳಿಗ್ಗೆ ಮಾಡಬೇಕಾದ ಒಂದೇ ಕೆಲಸ ಯಾವುದು? ಒಂದು ಫೋನು, ಒಂದು ಕ್ಷಮೆಯ ಮಾತು, ಒಂದು ಚೀಟಿ ಮಾಡಿಸುವುದು?

3. ಅದನ್ನು ನಂಬಿಕಸ್ಥರೊಬ್ಬರಿಗೆ ಇಂದೇ ತಿಳಿಸಿ. ಆ ಯಾಜಕರೂ ಮಂಜೂಷವನ್ನು ಒಬ್ಬೊಬ್ಬರೇ ಹೊರಲಿಲ್ಲ.

4. ಜನರೆಲ್ಲ ದಾಟುವ ತನಕ ಯಾಜಕರು ನದಿಯ ನಡುವೆಯೇ ನಿಂತಿದ್ದರು. ನೀವು ದಾಟಿದ ಮೇಲೆ ಹಿಂದೆ ಬರುವವರಿಗಾಗಿ ಸ್ವಲ್ಪ ನಿಲ್ಲಿ.

ಪ್ರಾರ್ಥನೆ

ಪ್ರಭುವೇ, ನನ್ನ ಭಯ ನಿಮಗೆ ಗೊತ್ತು. ಅದು ಹೋಗುವ ತನಕ ನಾನು ದಡದಲ್ಲೇ ಕೂತಿರದಂತೆ ಮಾಡಿರಿ. ದಾರಿ ಕಾಣದಿದ್ದರೂ ನೀವು ನನ್ನ ಮುಂದಿದ್ದೀರಿ. ನಡುಗುವ ಈ ಕಾಲನ್ನೇ ಎತ್ತಿ ಇಡುವ ಬಲ ಕೊಡಿರಿ. ಆಮೆನ್.