ಒಮ್ಮೆ ಬೇಯಿಸಿದ ಕಾಳು, ಐದು ದಿನದ ಸಾರು

ನಮ್ಮ ಅಡುಗೆಮನೆಗಳಲ್ಲಿ ಕಾಳಿಗೆ ಕೊರತೆಯಿಲ್ಲ. ಕಡಲೆ, ಹುರುಳಿ, ಅಲಸಂದೆ, ಒಣ ಅವರೆ, ಎಲ್ಲ ಡಬ್ಬಿಗಳಲ್ಲಿ ಇದ್ದೇ ಇರುತ್ತವೆ. ಆದರೆ ಸಂಜೆ ಏಳಕ್ಕೆ ಕೆಲಸದಿಂದ ಬಂದು ‘ಇವತ್ತು ಏನು ಸಾರು’ ಎಂದು ನಿಂತಾಗ ಅವು ಉಪಯೋಗಕ್ಕೆ ಬರುವುದಿಲ್ಲ. ಹಿಂದಿನ ರಾತ್ರಿ ನೆನೆಹಾಕಿರುವುದಿಲ್ಲ, ಅಷ್ಟೇ ಕಾರಣ. ಆಗ ದುಡ್ಡು ದುಬಾರಿ ತರಕಾರಿಗೋ ಹೋಟೆಲಿನ ಪಾರ್ಸೆಲ್ಲಿಗೋ ಹೋಗುತ್ತದೆ. ಕಾಳನ್ನು ಒಟ್ಟಿಗೆ ಬೇಯಿಸಿ ಫ್ರೀಜರ್‌ನಲ್ಲಿಟ್ಟರೆ ನಿಜವಾಗಿ ಉಳಿಯುವುದು ಈ ದುಡ್ಡು. ಐದು ಸಲದ ಬದಲು ಒಂದೇ ಸಲ ಕುಕ್ಕರ್ ಇಡುವುದರಿಂದ ಗ್ಯಾಸ್ ಉಳಿಯುವುದು ಮೇಲಿನ ಲಾಭ.

ಮೊದಲ ಸಲಕ್ಕೆ ಅರ್ಧ ಕೆಜಿ ಕಡಲೆಕಾಳು ತೆಗೆದುಕೊಳ್ಳಿ. ಸ್ವಲ್ಪ ಹೆಚ್ಚುಕಡಿಮೆ ಬೆಂದರೂ ಅದು ಆಕಾರ ಬಿಡುವುದಿಲ್ಲ. ಬೆಂದಮೇಲೆ ಒಂದು ಕೆಜಿ ದಾಟುತ್ತದೆ, ನಾಲ್ಕು ಜನರ ಮನೆಗೆ ನಾಲ್ಕೈದು ಸಲದ ಸಾರಿಗೆ ಸಾಕು. ಹೆಸರುಬೇಳೆಗೆ ಈ ಶ್ರಮ ಬೇಡ, ಅದು ಹೇಗೂ ಬೇಗ ಬೇಯುತ್ತದೆ.

ಹಂತ 1: ನೆನೆಹಾಕಿ

ಕಲ್ಲು, ಹುಳುಕು ಆರಿಸಿ, ತೊಳೆದು, ಕಾಳಿನ ಮೂರರಷ್ಟು ನೀರು ಹಾಕಿ. ಒಂದು ಚಮಚ ಉಪ್ಪು ಬೆರೆಸಿದರೆ ಸಿಪ್ಪೆ ಮೆತ್ತಗಾಗುತ್ತದೆ. ಎಂಟರಿಂದ ಹತ್ತು ಗಂಟೆ ನೆನೆಯಲಿ. ಬೇಸಿಗೆಯಲ್ಲಿ ಪಾತ್ರೆಯನ್ನು ಫ್ರಿಜ್‌ನಲ್ಲೇ ಇಡಿ, ಹೊರಗಿಟ್ಟರೆ ನೊರೆ ಬಂದು ಹುಳಿ ವಾಸನೆ ಹಿಡಿಯುತ್ತದೆ. ಡಬ್ಬಿಯ ತಳದಲ್ಲಿ ಉಳಿದ ಹಳೇ ಕಾಳನ್ನು ಹೊಸದರ ಜೊತೆ ಸೇರಿಸಬೇಡಿ. ಹಳೆಯದು ಗಟ್ಟಿಯಾಗಿ ಉಳಿಯುವಷ್ಟರಲ್ಲಿ ಹೊಸದು ಕರಗಿರುತ್ತದೆ.

ಹಂತ 2: ಬೇಯಿಸಿ

ನೆನೆದ ನೀರನ್ನು ಚೆಲ್ಲಿ. ಹೊಸ ನೀರು ಕಾಳಿನ ಮೇಲೆ ಒಂದು ಇಂಚು ನಿಲ್ಲಲಿ. ಎಲ್ಲ ಸೇರಿ ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಯಾಕೆಂದರೆ ಕಾಳಿನ ನೊರೆ, ಸಿಪ್ಪೆ ಹಬೆ ಹೋಗುವ ತೂತಿಗೆ ಅಡ್ಡ ಬಂದರೆ ಅಪಾಯ. ಅರ್ಧ ಚಮಚ ಎಣ್ಣೆ ಬಿಟ್ಟರೆ ನೊರೆ ತಗ್ಗುತ್ತದೆ. ಹುಣಸೆಹಣ್ಣು, ಟೊಮೆಟೊ ಈಗ ಬೇಡವೇ ಬೇಡ, ಹುಳಿ ಬಿದ್ದರೆ ಕಾಳು ಮೆತ್ತಗಾಗುವುದಿಲ್ಲ.

‘ಎಷ್ಟು ಕೂಗಿಸಿದರೂ ಬೇಯಲ್ಲ’ ಎಂಬ ದೂರು ಬೋರ್‌ವೆಲ್ ನೀರಿನ ಮನೆಗಳಲ್ಲಿ ಹೆಚ್ಚು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಕಾಳನ್ನು ಬಿಗಿ ಹಿಡಿಯುತ್ತವೆ. ಕುಡಿಯುವ ಆರ್‌ಒ ಫಿಲ್ಟರ್ ನೀರಲ್ಲಿ ಬೇಯಿಸಿ. ಅದೂ ಇಲ್ಲದಿದ್ದರೆ ಒಂದೇ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ, ಹೆಚ್ಚಾದರೆ ರುಚಿಯೂ ಕೆಡುತ್ತದೆ, ಬಿ1 ಜೀವಸತ್ವವೂ ನಷ್ಟ.

ನೆನೆದ ಕಡಲೆಗೆ ನಾಲ್ಕೈದು ಕೂಗು, ಅಲಸಂದೆಗೆ ಎರಡು ಮೂರು, ಹುರುಳಿಗೆ ಆರೇಳು. ಕುಕ್ಕರಿನಿಂದ ಕುಕ್ಕರಿಗೆ ಇದು ಬದಲಾಗುತ್ತದೆ, ಹಾಗಾಗಿ ಬೆರಳನ್ನೇ ನಂಬಿ. ಒಂದು ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ನೋಡಿ. ಸುಲಭವಾಗಿ ಅಮುಕಿ ಹೋಗಬೇಕು, ಆದರೆ ಪಾತ್ರೆಯಲ್ಲಿರುವ ಕಾಳಿನ ಸಿಪ್ಪೆ ಬಿಟ್ಟಿರಬಾರದು. ಸಾರಿನಲ್ಲಿ ಇನ್ನೊಮ್ಮೆ ಕುದಿಯುವುದು ಬಾಕಿ ಇದೆ ಎಂಬುದು ನೆನಪಿರಲಿ.

ರಾಜ್ಮಾ ಬಗ್ಗೆ ಮಾತ್ರ ಎಚ್ಚರ. ಅರೆಬೆಂದ ರಾಜ್ಮಾದಲ್ಲಿ ವಾಂತಿ, ಭೇದಿ ತರುವ ವಿಷಕಾರಿ ಅಂಶ ಉಳಿದಿರುತ್ತದೆ. ನೆನೆದ ನೀರು ಚೆಲ್ಲಿ, ಕುಕ್ಕರಿನಲ್ಲಿ ಪೂರ್ತಿ ಮೆತ್ತಗಾಗುವವರೆಗೆ ಬೇಯಿಸಿ.

ಹಂತ 3: ಕಟ್ಟು ಬಸಿದಿಡಿ

ಬೆಂದ ಕಾಳಿನ ನೀರು ಸಿಂಕಿಗೆ ಹೋಗಬಾರದು. ಹಳೇ ಮೈಸೂರು ಕಡೆಯ ಬಸ್ಸಾರು ನಿಂತಿರುವುದೇ ಆ ಕಟ್ಟಿನ ಮೇಲೆ. ಹುರುಳಿಕಟ್ಟಿನ ಸಾರು ಉಂಡವರಿಗೆ ಬೇರೆ ಹೇಳಬೇಕಿಲ್ಲ. ಕಟ್ಟನ್ನು ಬೇರೆ ಡಬ್ಬಿಗೆ ಬಸಿದುಕೊಳ್ಳಿ, ಡಬ್ಬಿಯ ಮೇಲ್ಭಾಗ ಒಂದು ಇಂಚು ಖಾಲಿ ಬಿಡಿ. ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ, ಅಂಚಿನವರೆಗೆ ತುಂಬಿದರೆ ಮುಚ್ಚಳ ಎದ್ದು ಬರುತ್ತದೆ. ಗಾಜಿನ ಬಾಟಲಿಯಾದರೆ ಸೀಳಿಯೇ ಹೋಗಬಹುದು.

ಹಂತ 4: ಬೇಗ ತಣಿಸಿ

ಬಸಿದ ಕಾಳನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಫ್ಯಾನ್ ಕೆಳಗಿಡಿ. ಬೆಂದ ಎರಡು ಗಂಟೆಯೊಳಗೆ ಫ್ರೀಜರ್ ಸೇರಬೇಕು. ನಮ್ಮ ಹವೆಗೆ ಬೆಂದ ಕಾಳು ಬಹಳ ಬೇಗ ಹಳಸುತ್ತದೆ.

ಹಂತ 5: ಪಾಲು ಮಾಡಿ

ಮೊದಲ ಸಲ ನಾನು ಎಲ್ಲ ಕಾಳನ್ನೂ ಒಂದೇ ದೊಡ್ಡ ಡಬ್ಬಿಗೆ ತುಂಬಿದ್ದೆ. ಅದು ಕಲ್ಲಿನಂತಾಯಿತು, ಒಂದು ಹಿಡಿ ಬೇಕಾದರೂ ಪೂರ್ತಿ ಕರಗಿಸಬೇಕಾಯಿತು. ಹಾಗಾಗಿ ಒಂದು ಹೊತ್ತಿನ ಸಾರಿಗೆ ಬೇಕಾದಷ್ಟನ್ನೇ ಒಂದೊಂದು ಜಿಪ್ ಕವರಿಗೆ ಹಾಕಿ, ಗಾಳಿ ತೆಗೆದು, ಪುಸ್ತಕದಂತೆ ಚಪ್ಪಟೆ ಮಾಡಿ ಪೇರಿಸಿ. ಸಿಂಗಲ್ ಡೋರ್ ಫ್ರಿಜ್ಜಿನ ಸಣ್ಣ ಫ್ರೀಜರಿನಲ್ಲೂ ಐದಾರು ಹಿಡಿಸುತ್ತವೆ. ಇನ್ನೂ ಚೆನ್ನಾದ ದಾರಿ: ನೀರು ಆರಿದ ಕಾಳನ್ನು ತಟ್ಟೆ ಸಮೇತ ಎರಡು ಗಂಟೆ ಫ್ರೀಜರಿನಲ್ಲಿಟ್ಟು ಆಮೇಲೆ ಕವರಿಗೆ ತುಂಬಿ. ಒಂದಕ್ಕೊಂದು ಅಂಟದೆ, ಕವರ್ ಅಲ್ಲಾಡಿಸಿದರೆ ಗೋಲಿಗಳಂತೆ ಸದ್ದು ಮಾಡುತ್ತವೆ. ಬೇಕಾದಷ್ಟು ಸುರಿದುಕೊಂಡು ಉಳಿದದ್ದನ್ನು ಹಾಗೇ ಇಡಬಹುದು.

ಕಾಳಿನ ಹೆಸರು, ತಾರೀಖು ಬರೆಯಿರಿ. ಮಸಾಲೆ ಹಾಕಿ ಇಡಬೇಡಿ. ಬರೀ ಕಾಳಾದರೆ ಸೋಮವಾರ ಸಾರಿಗೆ, ಗುರುವಾರ ಪಲ್ಯಕ್ಕೆ, ಶನಿವಾರ ಉಸಲಿಗೆ ಆಗುತ್ತದೆ.

ಹಂತ 6: ಬಳಸಿ

ಸಾರಿಗಾದರೆ ಕರಗಿಸುವುದೇ ಬೇಡ, ಕುದಿಯುವ ಮಸಾಲೆಗೆ ನೇರವಾಗಿ ಹಾಕಿ. ಕಾಲು ಗಂಟೆಯಲ್ಲಿ ಸಾರು ಸಿದ್ಧ. ಉಸಲಿಗೆ ಬೆಳಿಗ್ಗೆಯೇ ಕವರನ್ನು ಕೆಳಗಿನ ಫ್ರಿಜ್ಜಿಗೆ ಇಳಿಸಿ, ಸಂಜೆ ನೀರು ಬಸಿದು ಒಗ್ಗರಣೆ ಕೊಡಿ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರಿಗೆ ಸೇರಿಸಬೇಡಿ. ಕರೆಂಟ್ ಹೋದರೆ ಫ್ರೀಜರಿನ ಬಾಗಿಲು ತೆಗೆಯದೆ ಬಿಡಿ. ಆಮೇಲೆ ನೋಡಿದಾಗ ಕಾಳಿನಲ್ಲಿ ಇನ್ನೂ ಮಂಜಿನ ಹರಳಿದ್ದರೆ ತೊಂದರೆಯಿಲ್ಲ. ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಎಸೆದುಬಿಡಿ.

ಮೂರು ತಿಂಗಳೊಳಗೆ ಮುಗಿಸಿದರೆ ರುಚಿ ಚೆನ್ನಾಗಿರುತ್ತದೆ. ಇವತ್ತು ರಾತ್ರಿ ಮಲಗುವ ಮುಂಚೆ ಅರ್ಧ ಕೆಜಿ ಕಡಲೆ ನೆನೆಹಾಕಿ.